ಕಿನುವಿನ ಮನೆಗೆ ಬುತ್ತಿ

ಜಪಾನಿನಿಂದ ಬಂದ ಮೇಲೆ ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿ ಕೇಳದವರೇ ಇಲ್ಲ. ಅಲ್ಲಿ ರೈಲು ಎಷ್ಟು ಜೋರು ಓಡುತ್ತದೆ, ಹಸಿ ಮೀನು ತಿನ್ನುತ್ತಾರಂತೆ ಹೌದಾ, ಎಲ್ಲರೂ ಕುಳ್ಳಗಿರುತ್ತಾರಾ. ಎಲ್ಲರಿಗೂ ರೈಲಿನ ವಿಷಯ ಹೇಳಿ ಸಾಗಹಾಕಿದೆ. ಅಲ್ಲಿ ನಾನು ನಿಜಕ್ಕೂ ಬೆಚ್ಚಿಬಿದ್ದ ಸಂಗತಿಯನ್ನು ಮಾತ್ರ ಒಬ್ಬರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಹೇಳಿದರೆ ನಗುತ್ತಾರೆಂದು ಹೆದರಿಕೆ. ಈಗ ಬರೆಯುತ್ತಿದ್ದೇನೆ, ನಗುವವರು ನಗಲಿ.

ಹರಿಹರ

ನಾನು ಹರಿಹರದಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಗ್ರೈಂಡಿಂಗ್ ವಿಭಾಗದ ಫೋರ್‌ಮನ್. ದಾವಣಗೆರೆಯಲ್ಲಿ ಮನೆ, ಹರಿಹರದಲ್ಲಿ ಡ್ಯೂಟಿ. ಇಪ್ಪತ್ತೆರಡು ವರ್ಷದಿಂದ ಅದೇ ಬಸ್ಸು, ಹೆಚ್ಚುಕಡಿಮೆ ಅದೇ ಸೀಟು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೆಲಸ ತಿರುಗಿ ಮಾಡಿಸುವವನು ಎಂದು ನನಗೆ ಹೆಸರಿದೆ, ಬಾಯಿ ಸ್ವಲ್ಪ ಜೋರು ಎಂದೂ ಇದೆ. ಸಿನಿಮಾ, ಧಾರಾವಾಹಿ, ಕಣ್ಣೀರು, ಇವೆಲ್ಲ ಕೆಲಸವಿಲ್ಲದವರಿಗೆ ಎಂದು ನಂಬಿದ್ದವನು ನಾನು. ದಾವಣಗೆರೆಯ ಟಾಕೀಸಿನ ಮುಂದೆ ಹುಡುಗರು ನಟನ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುವುದನ್ನು ಕಂಡಾಗಲೆಲ್ಲ ಬಸ್ಸಿನ ಕಿಟಕಿಯಿಂದಲೇ ಬೈದುಕೊಂಡು ಹೋಗುತ್ತಿದ್ದೆ.

ತೊಂಬತ್ತೆಂಟರಲ್ಲಿ ನಮ್ಮ ಕಾರ್ಖಾನೆಗೆ ಜಪಾನಿನಿಂದ ಹೊಸ ಮಷೀನು ಬರುವುದಿತ್ತು. ಅದನ್ನು ನಡೆಸುವುದು ಕಲಿಯಲು ಒಬ್ಬರು ನಲವತ್ತು ದಿನ ಅಲ್ಲಿಗೆ ಹೋಗಬೇಕು. ನನ್ನ ಹೆಸರು ಬಂತು. ವೀಸಾಕ್ಕೆಂದು ಮದ್ರಾಸಿಗೆ ಹೋದೆ. ನಾನು ಅಲ್ಲಿ ಸಾಲಿನಲ್ಲಿ ನಿಂತಿದ್ದ ದಿನವೇ ದಾವಣಗೆರೆ ಹತ್ತಿರದ ಹದಡಿಯಲ್ಲಿ ನಮ್ಮ ಗಂಗಕ್ಕ ತೀರಿಕೊಂಡಳು.

ಗಂಗಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ನಾನು ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಐಟಿಐ ಓದುವಾಗ ಎರಡು ವರ್ಷ ದಿನಾ ಬೆಳಿಗ್ಗೆ ಹದಡಿಯ ಬಸ್ಸಿನಲ್ಲಿ ನನಗೆ ಬುತ್ತಿ ಕಳಿಸಿದಳು. ಡ್ರೈವರ್ ಪಕ್ಕದಲ್ಲಿ ಸ್ಟೀಲಿನ ಕ್ಯಾರಿಯರ್ ಕೂತು ಬರುತ್ತಿತ್ತು. ನಾನು ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುತ್ತಿದ್ದೆ, ಸಂಜೆ ಬಸ್ಸಿಗೆ ಖಾಲಿ ಕ್ಯಾರಿಯರ್ ಹತ್ತಿಸುತ್ತಿದ್ದೆ.

ಮದ್ರಾಸಿನಿಂದ ಮರಳುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆಂಟರು ಬುತ್ತಿ ತರುತ್ತಾರೆ. ಸತ್ತವಳು ಹೆಣ್ಣುಮಗಳಾದರೆ ತವರಿನ ಬುತ್ತಿ ಬರಲೇಬೇಕು, ಅದೂ ಅಣ್ಣತಮ್ಮಂದಿರ ಕೈಯಿಂದ. ತವರು ಅಂದರೆ ನಾನೊಬ್ಬನೇ. ವಿಮಾನಕ್ಕೆ ಇನ್ನೂ ಮೂರು ದಿನವಿತ್ತು.

“ಅರ್ಧ ತಾಸಿನ ದಾರಿ ರೀ,” ಎಂದಳು ನನ್ನ ಹೆಂಡತಿ ಸುಮಿತ್ರ. “ಬುತ್ತಿ ನಾನು ಕಟ್ಟಿಕೊಡ್ತೀನಿ. ಹೋಗಿ, ಕೂತು, ಬರ್ರಿ. ನಾಳೆ ಮುಖ ಹೆಂಗ ತೋರಿಸ್ತೀರಿ?”

“ಕಾಗದ ಪತ್ರದ ಕೆಲಸ ಐತೆ. ಬಂದ ಮ್ಯಾಲೆ ಹೋದ್ರಾತು.”

ಕಾಗದ ಪತ್ರದ ಕೆಲಸ ಏನೂ ಇರಲಿಲ್ಲ. ಗಂಗಕ್ಕ ಇಲ್ಲದ ಆ ಪಡಸಾಲೆಗೆ ಕಾಲಿಡಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ. ಎರಡನೇ ದಿನ ಬಸಣ್ಣ ಮಾವ, ಅಂದರೆ ಅಕ್ಕನ ಗಂಡ, ಬಸ್ಸಿನ ಕಂಡಕ್ಟರ್ ಕೈಲಿ ಮಾತು ಹೇಳಿ ಕಳಿಸಿದರು: “ಎಲ್ಲಾರ ಬುತ್ತಿ ಬಂತು, ಆಕಿ ತಮ್ಮಂದು ಬರ್ಲಿಲ್ಲ ಅಂತ ಹೇಳು.” ಕಂಡಕ್ಟರ್ ಅದನ್ನು ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ಹೇಳಿದ. ನಾನು ತಲೆಯಾಡಿಸಿ ಬೊಂಬಾಯಿ ಬಸ್ಸು ಹತ್ತಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಚೀಲದಲ್ಲಿ ಮೂರು ಸೇರು ಮಂಡಕ್ಕಿ, ಸಾರಿನ ಪುಡಿ, ತೊಗರಿಬೇಳೆ, ವಿಭೂತಿ ಗಟ್ಟಿ, ಜೊತೆಗೆ ಅದೇ ಹಳೆಯ ಕ್ಯಾರಿಯರ್.

ಕಾರ್ಖಾನೆಯ ಊರು

ಜಪಾನಿನಲ್ಲಿ ನಾನಿದ್ದದ್ದು ದೊಡ್ಡ ಪಟ್ಟಣವಲ್ಲ. ನಮ್ಮ ಹರಿಹರದ ಹಾಗೆಯೇ ಹೊಳೆ ದಂಡೆಯ ಊರು, ಒಂದು ದೊಡ್ಡ ಕಾರ್ಖಾನೆ, ಅದರ ಸುತ್ತ ಬದುಕು. ಆದರೆ ಸದ್ದಿಲ್ಲ. ರಸ್ತೆಯಲ್ಲಿ ಒಬ್ಬರೂ ಹಾರ್ನ್ ಹೊಡೆಯುವುದಿಲ್ಲ. ಮೊದಲ ಎರಡು ದಿನ ನನ್ನ ಕಿವಿ ಕೆಟ್ಟಿದೆಯೇನೋ ಎಂದುಕೊಂಡೆ. ಕಾರ್ಖಾನೆಯ ಗೆಸ್ಟ್‌ರೂಮಿನಲ್ಲಿ ಅನ್ನ ಮಾಡುವ ಕರೆಂಟಿನ ಪಾತ್ರೆ ಇತ್ತು, ಹಾಗಾಗಿ ಬದುಕಿದೆ.

ನನಗೆ ಕಲಿಸಲು ಇಟ್ಟಿದ್ದವರು ಹಿರಾನೊ ಎಂಬವರು. ಐವತ್ತರ ಆಸುಪಾಸು, ತೆಳ್ಳಗೆ, ಬೆನ್ನು ನೆಟ್ಟಗೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಸೇರಿದರೆ ಒಂದು ಪೂರ್ತಿ ಇಂಗ್ಲಿಷ್ ಆಗುತ್ತಿರಲಿಲ್ಲ, ಆದರೂ ಮಷೀನಿನ ಮುಂದೆ ಇಬ್ಬರಿಗೂ ತೊಂದರೆಯಾಗಲಿಲ್ಲ. ಮಷೀನು ಮುಟ್ಟುವ ಮೊದಲು ಅದಕ್ಕೆ ತಲೆಬಾಗುತ್ತಿದ್ದರು. ಆಯುಧಪೂಜೆಯ ದಿನ ಒಂದು ಬಾರಿ ಕುಂಕುಮ ಇಟ್ಟು ವರ್ಷವಿಡೀ ಅದನ್ನು ಒದೆಯುವ ನಮ್ಮ ಹುಡುಗರು ನೆನಪಾದರು.

ನಮ್ಮ ಊರಿನಲ್ಲಿ ಅಪರಿಚಿತರ ಪಕ್ಕ ಕೂತು ಐದು ನಿಮಿಷವಾದರೂ ಹೆಂಡತಿ ಮಕ್ಕಳ ವಿಚಾರ ಕೇಳದಿದ್ದರೆ ಅದು ಗರ್ವ. ನಾನೂ ಕೇಳಿದೆ. ಹೆಂಡತಿ? ಹಿರಾನೊ ಇಲ್ಲವೆಂದು ತಲೆಯಾಡಿಸಿದರು. ಪಾಪ, ಹೋಗಿಬಿಟ್ಟಿದ್ದಾಳೆ ಎಂದುಕೊಂಡೆ. ಮಕ್ಕಳು? ಅವರು ಕೆನ್ನೆ ಕೆಂಪಾಗಿ, ಕಣ್ಣು ಕೆಳಗೆ ಮಾಡಿ, “ಕಿನು,” ಎಂದರು. ವಯಸ್ಸು? ಹನ್ನೆರಡು.

ಮುಗಿಯಿತು. ಹೆಂಡತಿ ತೀರಿದ ಮನುಷ್ಯ, ತಾಯಿಯಿಲ್ಲದ ಒಬ್ಬಳೇ ಮಗಳು. ಅದಕ್ಕಿಂತ ಹೆಚ್ಚು ಕೆದಕುವುದು ಸರಿಯಲ್ಲವೆಂದು ಬಿಟ್ಟೆ.

ಬುಧವಾರ

ಅಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟು ಏಳುವವರೇ ಇಲ್ಲ. ನಮ್ಮ ಕಾರ್ಖಾನೆಯಲ್ಲಿ ಸೈರನ್ನಿಗೆ ಹತ್ತು ನಿಮಿಷ ಮೊದಲೇ ಕೈ ತೊಳೆದು ಗೇಟಿನಲ್ಲಿ ನಿಂತಿರುತ್ತಾರೆ. ಅಲ್ಲಿ ಗಂಟೆಯಾಯಿತೆಂದು ಎದ್ದವರನ್ನು ಉಳಿದವರು ಒಂದು ತರಹ ನೋಡುತ್ತಿದ್ದರು. ಅಂಥ ಕಡೆ ಹಿರಾನೊ ಬುಧವಾರ ಮಾತ್ರ ಗಡಿಯಾರ ನೋಡಿ ಎದ್ದುಬಿಡುತ್ತಿದ್ದರು. “ಇವತ್ತು ಕಿನು,” ಎನ್ನುತ್ತಿದ್ದರು, ಅಷ್ಟೇ. ಮಗಳು ಎಲ್ಲೋ ಹಾಸ್ಟೆಲಿನಲ್ಲಿದ್ದು ಬುಧವಾರಕ್ಕೊಮ್ಮೆ ಮನೆಗೆ ಬರುತ್ತಾಳೆ ಎಂದುಕೊಂಡೆ. ಒಂದು ಬುಧವಾರ ನನ್ನ ಮಂಡಕ್ಕಿಗೆ ಒಗ್ಗರಣೆ ಹಾಕಿ ಒಂದು ಪೊಟ್ಟಣ ಕೊಟ್ಟೆ, ಕಿನುಗೆ ಎಂದೆ. ಅವರು ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೊಂಟದವರೆಗೆ ಬಾಗಿದರು. ಕಣ್ಣು ಒದ್ದೆಯಾಗಿತ್ತು. ಮಂಡಕ್ಕಿಗೆ ಇಷ್ಟು ಮರ್ಯಾದೆ ದಾವಣಗೆರೆಯಲ್ಲೂ ಸಿಕ್ಕಿಲ್ಲ.

ಮೂರನೆಯ ಬುಧವಾರ ಅವರು ಬೆಳಗಿನಿಂದಲೇ ಸರಿಯಿರಲಿಲ್ಲ. ಎರಡು ಸಲ ತಪ್ಪು ಅಳತೆ ಹೇಳಿದರು. ಹಿರಾನೊ ತಪ್ಪು ಹೇಳುವುದೆಂದರೆ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿದ ಹಾಗೆ. ಹುಷಾರಿಲ್ಲವೇ ಎಂದು ಕೇಳಿದೆ.

“ಕಿನುಗೆ ಜ್ವರ,” ಎಂದರು. “ತುಂಬಾ ಜ್ವರ. ಇವತ್ತು ಗೊತ್ತಾಗುತ್ತದೆ.”

ಹೋಗಿ, ಹೋಗಿ, ನಾನು ಮಷೀನು ಒರೆಸಿ ಮುಚ್ಚುತ್ತೇನೆ ಎಂದು ಅವರನ್ನು ತಳ್ಳಿಕೊಂಡೇ ಗೇಟಿನವರೆಗೆ ಕಳಿಸಿದೆ.

ಗುರುವಾರ

ಬೆಳಿಗ್ಗೆ ಮಷೀನು ಶಾಪಿನೊಳಗೆ ಕಾಲಿಟ್ಟರೆ ಏನೋ ಆಗಿದೆ ಎಂದು ಗೊತ್ತಾಯಿತು. ಸ್ಟೋರಿನ ಹುಡುಗಿಯ ಕಣ್ಣು ಊದಿಕೊಂಡಿತ್ತು. ಪಕ್ಕದ ಲೇಥಿನ ಗಟ್ಟಿಮುಟ್ಟಾದ ಆಳು ಮೂಗು ಒರೆಸಿಕೊಳ್ಳುತ್ತಿದ್ದ. ಹಿರಾನೊ ಇಲ್ಲ. ಎಲ್ಲಿ ಎಂದು ಅವನನ್ನೇ ಕೇಳಿದೆ.

“ರಜೆ,” ಎಂದ. ಆಮೇಲೆ, “ಕಿನು ಸತ್ತಳು. ನಿನ್ನೆ.”

ನನ್ನ ಕೈಯಲ್ಲಿದ್ದ ಅಳತೆಯ ಗೇಜು ಕೆಳಗೆ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಗೇಜು ಬೀಳಿಸಿದ್ದು ಅದೊಂದೇ ಸಲ. ಹನ್ನೆರಡು ವರ್ಷದ ಮಗು! ತಾಯಿಯಿಲ್ಲದ್ದು! ಇನ್ನೊಂದು ಆಘಾತವೆಂದರೆ ಶಾಪಿನಲ್ಲಿ ಯಾರೂ ಕೆಲಸ ಬಿಟ್ಟು ಏಳಲಿಲ್ಲ. ಅತ್ತುಕೊಂಡೇ ಮಷೀನು ನಡೆಸುತ್ತಿದ್ದಾರೆ. ನಮ್ಮಲ್ಲಾಗಿದ್ದರೆ ಮೇಸ್ತ್ರಿಯ ಮನೆಯಲ್ಲಿ ಸಾವಾಯಿತೆಂದರೆ ಅರ್ಧ ಶಾಪು ಟೆಂಪೋ ಮಾಡಿಕೊಂಡು ಹೊರಟಿರುತ್ತಿತ್ತು. ಇವರೆಂಥ ಜನ ಎಂದು ನನಗೆ ಸಿಟ್ಟು ಬಂತು.

ಸಿಟ್ಟಿನಲ್ಲಿಯೇ ರೂಮಿಗೆ ಬಂದೆ. ಅನ್ನಕ್ಕಿಟ್ಟೆ, ಬೇಳೆ ಬೇಯಿಸಿ ಸುಮಿತ್ರ ಕಟ್ಟಿಕೊಟ್ಟ ಪುಡಿ ಹಾಕಿ ಸಾರು ಕಾಯಿಸಿದೆ. ಆ ಮನುಷ್ಯನ ಮನೆಯಲ್ಲಿ ಒಲೆ ಹೊತ್ತಿಸುವವರೂ ಇಲ್ಲ, ಬುತ್ತಿ ತರುವವರೂ ಇಲ್ಲ ಎನ್ನುವುದಷ್ಟೇ ನನ್ನ ತಲೆಯಲ್ಲಿ. ಕ್ಯಾರಿಯರಿಗೆ ತುಂಬಿ, ಹಣೆಗೆ ವಿಭೂತಿ ಹಚ್ಚಿಕೊಂಡು, ವಿಳಾಸದ ಚೀಟಿ ಹಿಡಿದು ಹೊರಟೆ. ಎರಡು ಸಲ ದಾರಿ ತಪ್ಪಿದೆ. ಒಬ್ಬ ಅಜ್ಜಿ ತನ್ನ ಕೆಲಸ ಬಿಟ್ಟು ಅರ್ಧ ಮೈಲಿ ನಡೆದು ಬಂದು ಬಾಗಿಲು ತೋರಿಸಿ, ಬಾಗಿ, ವಾಪಸು ಹೋದಳು.

ಹಿರಾನೊ ಮನೆ

ಬಾಗಿಲಲ್ಲಿ ಹತ್ತು ಹನ್ನೆರಡು ಜೊತೆ ಚಪ್ಪಲಿ ಬೂಟು ಸಾಲಾಗಿದ್ದವು. ಸಾವಿನ ಮನೆಯೆಂದರೆ ಹಾಗೆಯೇ, ನೋಡಿದ ಕೂಡಲೇ ತಿಳಿಯುತ್ತದೆ. ಒಳಗೆ ಊದಿನಕಡ್ಡಿಯ ವಾಸನೆ, ಬಿಳಿ ಹೂವು, ಕರಿ ಬಟ್ಟೆಯ ಜನ ಚಾಪೆಯ ಮೇಲೆ ಕೂತಿದ್ದಾರೆ. ಎದುರು ಗೋಡೆಗೆ ಚೌಕಟ್ಟು ಹಾಕಿದ ಪಟ, ಅದರ ಕೆಳಗೆ ಕಿತ್ತಳೆ ಹಣ್ಣು, ಅದರ ಪಕ್ಕ ಒಂದು ತಟ್ಟೆಯಲ್ಲಿ ನಮ್ಮ ಮಂಡಕ್ಕಿ. ನಾನು ಕೊಟ್ಟಿದ್ದೇ!

ಆ ಮಂಡಕ್ಕಿ ನೋಡಿದ್ದೇ ನನಗೆ ಏನಾಯಿತೋ ಗೊತ್ತಿಲ್ಲ. ಕ್ಯಾರಿಯರ್ ಕೆಳಗಿಟ್ಟೆ, ಹಣೆ ನೆಲಕ್ಕೆ ಹಚ್ಚಿದೆ, ಗಂಟಲಿನಿಂದ ನನಗೇ ಗುರುತಿಲ್ಲದ ದನಿಯೊಂದು ಹೊರಟಿತು. ನಮ್ಮೂರಿನ ಹೆಂಗಸರು ಅಳುವ ಹಾಗೆ ಬಾಯಿಬಿಟ್ಟು ಅತ್ತೆ. “ಹೋದ್ಯೇನವ್ವಾ, ನಾನು ಬರೋತನಕ ಇರ್ಲಿಲ್ವೇನವ್ವಾ,” ಎಂದು ಕನ್ನಡದಲ್ಲಿಯೇ ಅತ್ತೆ. ಎಷ್ಟು ಹೊತ್ತೋ. ಯಾರೋ ಬೆನ್ನು ಸವರುತ್ತಿದ್ದರು.

ಕಣ್ಣೊರೆಸಿಕೊಂಡು ತಲೆ ಎತ್ತಿ ಪಟ ನೋಡಿದೆ.

ಬೊಂಬೆ. ಬಣ್ಣದಲ್ಲಿ ಬರೆದ ಬೊಂಬೆ. ಮುಖದ ಅರ್ಧದಷ್ಟು ಕಣ್ಣು, ಎರಡು ಜಡೆ, ಕೈಯಲ್ಲಿ ದೋಣಿಯ ಹುಟ್ಟು ಹಿಡಿದ ಒಂದು ಕಾರ್ಟೂನಿನ ಹುಡುಗಿ!

ಸುತ್ತ ನೋಡಿದೆ. ನಿಜವಾದ ಮಗುವಿನ ಪಟ ಬೇರೆ ಎಲ್ಲಾದರೂ ಇರಬಹುದೇ ಎಂದು ಹುಡುಕಿದೆ. ಎಲ್ಲೆಲ್ಲೂ ಅದೇ ಹುಡುಗಿ. ಟೀವಿಯ ಮೇಲೆ, ಕಪಾಟಿನಲ್ಲಿ, ಕ್ಯಾಲೆಂಡರಿನಲ್ಲಿ. ವೀಡಿಯೋ ಕ್ಯಾಸೆಟ್ಟುಗಳ ಸಾಲು, ಪ್ರತಿಯೊಂದರ ಬೆನ್ನ ಮೇಲೂ ಹಿರಾನೊ ಅವರ ಮುತ್ತಿನಂಥ ಅಕ್ಷರ. ನಮ್ಮ ಮಷೀನಿನ ರಿಜಿಸ್ಟರಿನಲ್ಲಿ ಬರೆಯುವ ಅದೇ ಅಕ್ಷರ.

ಅಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದರು, ಓಗಾವಾ ಎಂದು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವರು ವಿವರಿಸಿದರು. ಟೀವಿಯಲ್ಲಿ ಆರು ತಿಂಗಳಿನಿಂದ ಬುಧವಾರಕ್ಕೊಂದು ಕಂತು. ಹೊಳೆ ದಂಡೆಯ ಹಳ್ಳಿಯ ಹುಡುಗಿ ಕಿನು. ನಿನ್ನೆ ಕೊನೆಯ ಕಂತು. ಅವಳನ್ನು ಸಾಯಿಸಬೇಡಿ ಎಂದು ಹಿರಾನೊ ಟೀವಿಯವರಿಗೆ ಹನ್ನೊಂದು ಕಾಗದ ಬರೆದಿದ್ದರಂತೆ. ಡಾಕ್ಟರಮ್ಮ ತಾನು ಇವತ್ತು ಕ್ಲಿನಿಕ್ ತೆರೆಯಲಿಲ್ಲವೆಂದರು. ಹಲ್ಲು ನೋವಿನವರ ಗತಿ ಏನು ತಾಯಿ ಎಂದು ಕೇಳಬೇಕೆನಿಸಿತು. ಪಕ್ಕದಲ್ಲಿ ಎಪ್ಪತ್ತು ದಾಟಿದ ಮೀನಂಗಡಿಯ ಮುದುಕ, ಕೈಯಲ್ಲಿ ಕಿನುವಿನ ಬೊಂಬೆ ಹಿಡಿದು ಬಿಕ್ಕುತ್ತಿದ್ದ. ಸಂಸಾರಸ್ಥರು, ವಿದ್ಯಾವಂತರು, ಮೊಮ್ಮಕ್ಕಳಿರುವವರು! ಕಟೌಟಿಗೆ ಹಾಲೆರೆಯುವ ನಮ್ಮ ಹುಡುಗರೇ ವಾಸಿ, ಆ ನಟನಾದರೂ ಬದುಕಿರುವ ಮನುಷ್ಯ.

ಎದ್ದು ಹೋಗಿಬಿಡುತ್ತಿದ್ದೆ. ಅಷ್ಟರಲ್ಲಿ ಹಿರಾನೊ ನನ್ನ ಮುಂದೆ ಮಂಡಿಯೂರಿ ಹಣೆ ಚಾಪೆಗೆ ತಾಗಿಸಿದರು. ಅವರ ಮಾತನ್ನು ಓಗಾವಾ ಇಂಗ್ಲಿಷಿನಲ್ಲಿ ಹೇಳಿದರು: “ನನ್ನ ಅಣ್ಣ ಫೋನು ಮಾಡಿ ನಕ್ಕ. ಆಫೀಸಿನವರು ರಜೆಯ ಕಾರಣ ಕೇಳಿ ನಕ್ಕರು. ನೀವು ಅಷ್ಟು ದೂರದ ದೇಶದವರು, ಅನ್ನ ತಂದಿರಿ.”

ಇದಕ್ಕೆ ಏನು ಹೇಳುವುದು? ನಿಮ್ಮ ಮಗಳು ಎಂದುಕೊಂಡು ಬಂದೆ, ಬೊಂಬೆಯೆಂದು ತಿಳಿದಿದ್ದರೆ ನಾನೂ ನಗುತ್ತಿದ್ದೆ ಎಂದು ಹೇಳುವುದೇ? ಕ್ಯಾರಿಯರ್ ಬಿಚ್ಚಿದೆ. ಎಲ್ಲರೂ ಒಂದೊಂದು ಚಿಕ್ಕ ಬಟ್ಟಲಲ್ಲಿ ಸಾರು ಅನ್ನ ಉಂಡರು. ಸುಮಿತ್ರಳ ಸಾರಿನ ಪುಡಿಗೆ ಎಲ್ಲರ ಕಣ್ಣಲ್ಲೂ ಮೂಗಲ್ಲೂ ನೀರು. ಖಾರಕ್ಕೆ ಯಾವುದು ಕಿನುಗೆ ಯಾವುದು ಎಂದು ಹೇಳುವ ಹಾಗಿರಲಿಲ್ಲ. ಮೀನಂಗಡಿಯ ಮುದುಕ ನನ್ನ ಕೈ ಹಿಡಿದು ಕೇಳಿದ: ಭಾರತದಲ್ಲೂ ಕಿನುವನ್ನು ತೋರಿಸುತ್ತಾರಾ? ಹೌದೆಂದು ತಲೆಯಾಡಿಸಿಬಿಟ್ಟೆ. ಸುದ್ದಿ ಕೇಳಿ ಎಲ್ಲರೂ ಮತ್ತೆ ಅತ್ತರು.

ಆ ಸುಳ್ಳಿಗೆ ಸರಿಯಾಗಿ ಸಿಕ್ಕಿಬಿದ್ದೆ. ಭಾನುವಾರ ಕಿನುವಿನ ಹೊಳೆಗೆ ಎಲ್ಲರೂ ಹೋಗುತ್ತಿದ್ದಾರೆ, ನೀವು ಬಂದು ಎರಡು ಮಾತಾಡಬೇಕು ಎಂದರು.

ಮೂರು ಸಂಜೆ

ನೋಡದ ಬೊಂಬೆಯ ಬಗ್ಗೆ ಮಾತಾಡುವುದು ಹೇಗೆ? ಅದಕ್ಕೇ ಗುರುವಾರ, ಶುಕ್ರವಾರ, ಶನಿವಾರ ಸಂಜೆ ಹಿರಾನೊ ಮನೆಯಲ್ಲಿ ಕೂತೆ. “ಇನ್ನೊಮ್ಮೆ ನೋಡಬೇಕು,” ಎಂದೆ. ಅವರು ಕ್ಯಾಸೆಟ್ಟು ಹಾಕುವ ಮೊದಲು ಬಿಳಿ ಕೈಗವಸು ತೊಟ್ಟುಕೊಂಡರು.

ಮೊದಲ ಕಂತು ನೋಡುವಾಗ ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ದೋಣಿ ನಡೆಸುತ್ತಿದ್ದ ತಾತನಿಗೆ ಕಣ್ಣು ಹೋಗುತ್ತದೆ, ಮೊಮ್ಮಗಳು ಕಿನು ಹುಟ್ಟು ಹಿಡಿಯುತ್ತಾಳೆ. ಕಂತಿಗೊಬ್ಬರನ್ನು ದಾಟಿಸುತ್ತಾಳೆ. ಮದುವೆಗೆ ಹೊರಟವಳು, ಮನೆ ಬಿಟ್ಟು ಓಡುವವನು, ಆಡು ಮಾರಲು ಒಯ್ಯುವವಳು. ಹೆಚ್ಚು ಮಾತಿಲ್ಲ. ನೀರು ಮಾತ್ರ ಇದೆ. ಆ ನೀರನ್ನು ಏನೆಂದು ಹೇಳಲಿ? ಹರಿಹರದ ಸೇತುವೆಯ ಮೇಲಿಂದ ದಿನಾ ಎರಡು ಸಲ ತುಂಗಭದ್ರೆಯನ್ನು ನೋಡುವವನು ನಾನು, ಸಂಜೆಯ ಹೊತ್ತು ನೀರಿಗೆ ಅಷ್ಟು ಬಣ್ಣ ಬರುತ್ತದೆಂದು ಗಮನಿಸಿರಲಿಲ್ಲ. ಅಷ್ಟನ್ನೂ ಒಂದೊಂದು ಹಾಳೆಯಾಗಿ ಕೈಯಿಂದಲೇ ಬರೆದದ್ದು ಎಂದರು ಹಿರಾನೊ. ನಾನು ನಂಬಲಿಲ್ಲ.

ಏಳನೆಯ ಕಂತಿನಲ್ಲಿ ನಾನು ಬೆಚ್ಚಿದೆ. ಹುಟ್ಟನ್ನು ದೋಣಿಗೆ ಸೇರಿಸುವ ಕಬ್ಬಿಣದ ಬಳೆಯೊಂದಿದೆ. ಮೊದಲ ಕಂತಿನಲ್ಲಿ ಅದು ಬಿಗಿಯಾಗಿತ್ತು. ಏಳಕ್ಕೆ ಬರುವಷ್ಟರಲ್ಲಿ ಒಳಗಡೆ ಸವೆದಿದೆ! ಸದ್ದೂ ಬೇರೆಯಾಗಿದೆ. ಕೈ ಎತ್ತಿ ನಿಲ್ಲಿಸಿ ಎಂದೆ. ಹಿಂದಕ್ಕೆ ಹೋಗಿ ಎಂದೆ. ಮೊದಲನೆಯದು, ನಾಲ್ಕನೆಯದು, ಏಳನೆಯದು, ಮೂರನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಂತಿನಿಂದ ಕಂತಿಗೆ ಸವೆತವನ್ನು ಸರಿಯಾಗಿ, ಹುಟ್ಟು ಒತ್ತುವ ಬದಿಯಲ್ಲಿಯೇ, ಬರೆದಿದ್ದರು. ಯಾವ ನೋಡುಗನಿಗೆ ಅದು ಕಾಣುತ್ತದೆ? ಯಾರಿಗೆ ಬೇಕು? ನಮ್ಮ ಶಾಪಿನಲ್ಲಿ ಕೂಲಿ ಕೊಟ್ಟು ಹೇಳಿದರೂ ಇಷ್ಟು ನಿಗಾ ಇಡುವವರಿಲ್ಲ.

“ಆ ಬಳೆ ನಿಮಗೆ ಕಂಡಿತು,” ಎಂದರು ಹಿರಾನೊ. ಎರಡು ಸಲ ಹೇಳಿದರು. “ಆರು ತಿಂಗಳಲ್ಲಿ ನನ್ನನ್ನು ಬಿಟ್ಟು ಯಾರಿಗೂ ಕಂಡಿರಲಿಲ್ಲ.”

ಅಲ್ಲಿಂದ ಮುಂದೆ ನಾನು ಬೈದುಕೊಳ್ಳಲಿಲ್ಲ. ಹೊಳೆಯ ಮೇಲುಗಡೆ ಸೇತುವೆ ಏಳುತ್ತಾ ಬರುತ್ತದೆ, ದೋಣಿಗೆ ಜನ ಕಡಿಮೆಯಾಗುತ್ತಾರೆ. ನೆರೆ ಬಂದ ದಿನ ಬಸುರಿಯೊಬ್ಬಳನ್ನು ದಾಟಿಸಿ ಕಿನು ನೆನೆದು ಜ್ವರ ಬರಿಸಿಕೊಳ್ಳುತ್ತಾಳೆ. ಸೇತುವೆಯ ಮೇಲೆ ಮೊದಲ ಜನ ನಡೆದುಹೋಗುವ ಬೆಳಿಗ್ಗೆ ಅವಳಿಲ್ಲ. ತಾತ ಹೋಗಿ ದೋಣಿಯಲ್ಲಿ ಕೂತು ಕೈಯಿಂದ ಸವರಿ ಆ ಬಳೆಯನ್ನು ಹುಡುಕುತ್ತಾನೆ. ಬಳೆ ಪೂರ್ತಿ ಸವೆದು ಮುರಿದಿದೆ. ನಾನು ಫೋರ್‌ಮನ್. ಒಂದು ಬಳೆ ಮುರಿದದ್ದಕ್ಕೆ ಕರವಸ್ತ್ರ ಒದ್ದೆ ಮಾಡಿಕೊಂಡೆ ಎಂದು ನಮ್ಮ ಶಾಪಿನ ಹುಡುಗರಿಗೆ ಗೊತ್ತಾದರೆ ನನ್ನ ಮಾತು ಕೇಳುವುದು ಅಲ್ಲಿಗೆ ಮುಗಿಯಿತು.

ಭಾನುವಾರ, ಹೊಳೆದಂಡೆ

ರೈಲಿನಲ್ಲಿ ಎರಡು ತಾಸು. ಕಿನುವಿನ ಹಳ್ಳಿ ಬರೆಯಲು ಚಿತ್ರಗಾರರು ನೋಡಿದ್ದು ಈ ಜಾಗವನ್ನೇ ಅಂತೆ. ಒಂದೈವತ್ತು ಜನ ಆಗಲೇ ಬಂದಿದ್ದರು. ಕೆಲವರು ಚಿತ್ರದ ಹಾಳೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಗುಡ್ಡಕ್ಕೆ ಗುಡ್ಡ ಮರಕ್ಕೆ ಮರ ಸರಿಹೊಂದಿಸಿ ನೋಡುತ್ತಿದ್ದರು. ಹಳೆಯ ದೋಣಿ ಕಟ್ಟುತ್ತಿದ್ದ ಒಂದು ಗೂಟವಿತ್ತು. ಅದನ್ನು ಮುಟ್ಟಲು ಸಾಲು. ಸಾಲೆಂದರೆ ತಳ್ಳಾಟವಿಲ್ಲ, ಕೂಗಾಟವಿಲ್ಲ, ಒಬ್ಬೊಬ್ಬರಾಗಿ ಮುಟ್ಟಿ, ತಲೆಬಾಗಿ, ಪಕ್ಕಕ್ಕೆ ಸರಿದು ಕಣ್ಣೊರೆಸಿಕೊಳ್ಳುವುದು. ಅಲ್ಲಿ ಗಾಳ ಹಾಕಿ ಕೂತಿದ್ದ ಊರಿನವನೊಬ್ಬ ನಮ್ಮನ್ನು ನೋಡುತ್ತಿದ್ದ ನೋಟ ನನಗೆ ಚೆನ್ನಾಗಿ ಅರ್ಥವಾಯಿತು. ಬಸ್ಸಿನ ಕಿಟಕಿಯಲ್ಲಿ ಕೂತ ನನ್ನದೇ ನೋಟ ಅದು. ನಾಚಿಕೆಯಾಯಿತು, ಆದರೂ ನಾನು ಸಾಲಿನಲ್ಲಿಯೇ ನಿಂತಿದ್ದೆ.

ಓಗಾವಾ ನನ್ನನ್ನು ಮುಂದಕ್ಕೆ ಕರೆದರು. ಐವತ್ತು ಜನ ಉಸಿರು ಹಿಡಿದು ನೋಡುತ್ತಿದ್ದಾರೆ. ಇಂಗ್ಲಿಷ್ ಒಂದು ಶಬ್ದವೂ ನಾಲಗೆಗೆ ಬರಲಿಲ್ಲ. ನಿಮ್ಮ ಭಾಷೆಯಲ್ಲಿಯೇ ಹೇಳಿ, ನಮಗೆ ತಿಳಿಯುತ್ತದೆ ಎಂದರು ಆಕೆ.

ಬಾಯಿ ತೆರೆದರೆ ಕಿನು ಬರಲಿಲ್ಲ.

“ನಮ್ಮಕ್ಕ ಗಂಗವ್ವ,” ಎಂದೆ. “ಹದಡಿಯಾಕಿ. ಎರಡು ವರ್ಷ ಬಸ್ಸಿನಾಗ ನನಗ ಬುತ್ತಿ ಕಳಿಸಿದ್ಲು. ಒಂದಿನ ತಪ್ಪಿಸ್ಲಿಲ್ಲ. ಆಕಿಗೆ ಜ್ವರ ಇದ್ದಾಗ್ಲೂ ಬಂತು, ಆಕಿ ಮಗ ಹುಟ್ಟಿದ ದಿನಾನೂ ಬಂತು. ಮುಚ್ಚಳದ ಕೊಂಡಿ ಸವೆದು ಹೋಗಿತ್ತು, ಸಾರು ಚೆಲ್ತದೆ ಅಂತ ದಾರ ಕಟ್ಟಿ ಕಳಿಸೋಳು. ನಾನು ಐಟಿಐನಾಗ ಮೊದಲು ಕಲ್ತು ಮಾಡಿದ್ದು ಆ ಕೊಂಡಿ. ಆಕಿ ಸತ್ಲು. ನಾನೊಂದು ಬುತ್ತಿ ಒಯ್ಯಲಿಲ್ಲ. ಅರ್ಧ ತಾಸಿನ ದಾರಿ. ಹೆದರಿದೆ, ಹೋಗ್ಲಿಲ್ಲ.”

ಇಷ್ಟೇ ಹೇಳಿದ್ದು. ಐವತ್ತು ಜನ ಅಳುತ್ತಿದ್ದರು. ಮೀನಂಗಡಿಯ ಮುದುಕ ಬಂದು ತನ್ನ ಕೈಯಲ್ಲಿದ್ದ ಬೊಂಬೆಯನ್ನು ಸ್ವಲ್ಪ ಹೊತ್ತು ನನ್ನ ಕೈಗೆ ಕೊಟ್ಟ, ಆಮೇಲೆ ವಾಪಸು ತೆಗೆದುಕೊಂಡ.

ಮರಳುವ ರೈಲಿನಲ್ಲಿ ಹಿರಾನೊ ನನ್ನ ಪಕ್ಕ ಕೂತಿದ್ದರು. ಎದುರು ಸೀಟಿನಲ್ಲಿ ಓಗಾವಾ. ಹಿರಾನೊ ಕೇಳಿದರು, “ಗಂಗವ್ವ ಯಾರು?”

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಎಲ್ಲವನ್ನೂ ಹೇಳಿದೆ. ಕಿನುವನ್ನು ನಿಮ್ಮ ಮಗಳೆಂದು ತಿಳಿದೆ, ಭಾರತದಲ್ಲಿ ತೋರಿಸುತ್ತಾರೆ ಎಂದದ್ದು ಸುಳ್ಳು, ಪಟ ನೋಡಿದಾಗ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಕ್ಷಮಿಸಬೇಕು ಎಂದೆ. ಓಗಾವಾ ಅದನ್ನು ಜಪಾನಿಯಲ್ಲಿ ಹೇಳುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಇನ್ನು ಈ ಮನುಷ್ಯ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ.

“ಅವತ್ತೇ ಗೊತ್ತಾಯಿತು,” ಎಂದರು ಹಿರಾನೊ. “ಕಿನುಗಾಗಿ ನಾವೆಲ್ಲ ಅತ್ತೆವು. ಆದರೆ ನೀವು ಅತ್ತ ಹಾಗೆ ಯಾರೂ ಅಳಲಿಲ್ಲ. ಯಾರೋ ನಿಮ್ಮವರು ಹೋಗಿದ್ದಾರೆ, ಅಳಲು ಜಾಗ ಸಿಕ್ಕಿಲ್ಲ ಎಂದುಕೊಂಡೆ. ಅದಕ್ಕೇ ಸುಮ್ಮನಿದ್ದೆ.” ಆಮೇಲೆ ಕೇಳಿದರು, “ಆ ಊಟ ಅವರ ಮನೆಗೆ ಹೋಗಬೇಕಾಗಿತ್ತು, ಅಲ್ಲವೇ?”

ಹೌದೆಂದೆ.

ಹೊರಡುವ ದಿನ ಅವರು ಕ್ಯಾರಿಯರನ್ನು ಕನ್ನಡಿಯಂತೆ ಉಜ್ಜಿ ತಂದುಕೊಟ್ಟರು. ಮೇಲಿನ ಡಬ್ಬಿಯಲ್ಲಿ ತೆಳು ಕಾಗದದಲ್ಲಿ ಸುತ್ತಿದ ಒಂದು ಪಾರದರ್ಶಕ ಹಾಳೆ. ಟೀವಿಗಾಗಿ ಬರೆದ ಸಾವಿರಾರು ಚಿತ್ರಗಳಲ್ಲಿ ಅದೂ ಒಂದು, ಅವರ ಬಳಿ ಇದ್ದದ್ದು ಅದೊಂದೇ. ಮುಖವಿಲ್ಲ, ದೋಣಿಯಿಲ್ಲ. ಹುಟ್ಟು ಹಿಡಿದ ಎರಡು ಚಿಕ್ಕ ಕೈ, ಸವೆದ ಬಳೆ. ಬೇಡವೆಂದರೆ ಕೇಳಲಿಲ್ಲ.

ಹದಡಿ

ದಾವಣಗೆರೆಗೆ ಬಂದ ಮರುದಿನ ಸುಮಿತ್ರಳನ್ನು ಅಡುಗೆಮನೆಯಿಂದ ಆಚೆ ಕಳಿಸಿ ನಾನೇ ಅನ್ನ ಸಾರು ಮಾಡಿದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮಧ್ಯಾಹ್ನದ ಬಸ್ಸು. ಕ್ಯಾರಿಯರನ್ನು ಡ್ರೈವರ್ ಪಕ್ಕ ಇಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೆ.

ಬಸಣ್ಣ ಮಾವ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿದರು, ಕ್ಯಾರಿಯರ್ ನೋಡಿದರು.

“ಒಂದೂವರೆ ತಿಂಗಳಾತು,” ಎಂದರು.

“ಹೌದು ಮಾವ.”

“ಈಗ ಯಾಕ ತಂದಿ?”

ಅವರಿಗೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಈ ಬುತ್ತಿ ಮೊದಲು ಇಲ್ಲಿಗೆ ಬರಬೇಕಿತ್ತು, ಹೆದರಿ ಬರಲಿಲ್ಲ, ಜಪಾನಿನಲ್ಲಿ ಒಂದು ಟೀವಿ ಬೊಂಬೆ ಸತ್ತಿತೆಂದು ಅದರ ಮನೆಗೆ ಒಯ್ದೆ, ಅಲ್ಲಿ ಅತ್ತೆ ಎಂದೆ. ಮಾವ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು.

“ಬೊಂಬಿಗೆ ಅತ್ಯೇನಲೇ? ನಿಮ್ಮಕ್ಕಗ ಅಳದೋನು, ಬೊಂಬಿಗೆ ಅತ್ಯಾ?”

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಮೇಲಿನ ಡಬ್ಬಿ ತೆಗೆದು ಆ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದರು.

“ಬರೀ ಕೈ ಐತಲ್ಲೋ.”

“ಹ್ಞೂಂ.”

“ಸಣ್ಣ ಕೈ.” ಹಾಳೆಯನ್ನು ಹಾಗೆಯೇ ಹಿಡಿದುಕೊಂಡು ಇನ್ನೊಂದು ಕೈಯಿಂದ ಅನ್ನ ಕಲಸಿ ಒಂದು ತುತ್ತು ತಿಂದರು. “ಉಪ್ಪು ಕಮ್ಮಿ ಆಗೈತೆ. ಆಕಿ ಇದ್ದಿದ್ರ ನಿನ್ನ ಜಾಡಿಸ್ತಿದ್ಲು.” ಇನ್ನೊಂದು ತುತ್ತು. ಆಮೇಲೆ ಕೇಳಿದರು, “ಈ ಹುಡುಗಿ ಹೆಂಗ ಸತ್ಲು?”

ಮೊದಲ ಕಂತಿನಿಂದ ಹೇಳಿದೆ. ತಾತನ ಕಣ್ಣು, ದೋಣಿ, ದಾಟಿದವರು, ನೆರೆಯ ದಿನದ ಬಸುರಿ, ಬಳೆಯ ಸದ್ದು. ಹೇಳುತ್ತಾ ಹೇಳುತ್ತಾ ಸಂಜೆಯಾಯಿತು. ಎಮ್ಮೆಗಳು ಬಂದವು, ಮಾವ ಎದ್ದು ಕಟ್ಟಿ ಬಂದು ಮತ್ತೆ ಅದೇ ಕಂಬಕ್ಕೆ ಒರಗಿ, “ಆಮ್ಯಾಲೆ?” ಎಂದರು. ಕುರುಡು ತಾತ ದೋಣಿಯಲ್ಲಿ ಕೂತು ಮುರಿದ ಬಳೆ ಸವರುವಲ್ಲಿಗೆ ಬಂದಾಗ ಅವರು ಹೆಗಲ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು.

ಟವೆಲ್ ತೆಗೆದು ಅವರು ಹಾಳೆಯನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿದರು. ಒಂದೂವರೆ ತಿಂಗಳು, ಸಮುದ್ರ ದಾಟಿ ಹೋದರೂ ಬಂದರೂ, ಅಕ್ಕ ಹೇಗೆ ಹೋದಳೆಂದು ಯಾರನ್ನೂ ಕೇಳಲು ನಾನು ಹೆದರಿದ್ದೆ, ಆ ಮಾತನ್ನು ಅವರೇ ತೆಗೆದರು.

“ಈಗ ನಿಮ್ಮಕ್ಕಂದು ಹೇಳ್ತೀನಿ ಕೇಳು,” ಎಂದರು. “ಅವತ್ತು ಬೆಳಿಗ್ಗೆ ಎದ್ದಾಕಿನೇ, ತಮ್ಮ ಮದ್ರಾಸಿಗೆ ಹೋಗ್ಯಾನ, ಉಂಡನೋ ಇಲ್ಲೋ ಅಂದ್ಲು.”